ಗೋಲ್ಡ್‌ಫಿಶ್ ಕಾಯಿಲೆ ಬಿದ್ದಾಗ: ನೀರಿನಿಂದ ಮೀನಿನವರೆಗೆ ದೋಷ ಹುಡುಕುವ ಕ್ರಮ

ಮೀನು ತೊಟ್ಟಿಯ ತಳ ಹಿಡಿದು ಮಲಗಿದೆ. ಇಲ್ಲವೇ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ. ಇಲ್ಲವೇ ಹೊಟ್ಟೆ ಮೇಲಾಗಿ ತೇಲುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನ ಮನೆಗಳಲ್ಲಿ ನಡೆಯುವ ಮೊದಲ ಕೆಲಸವೆಂದರೆ ಅಕ್ವೇರಿಯಂ ಅಂಗಡಿಗೆ ಓಡಿ ನೀಲಿ ಔಷಧಿಯ ಸೀಸೆ ತರುವುದು. ಕೋಲಾರ ಸೀಮೆಯಲ್ಲಿ ಮೀನು ಸಾಕುವವರು ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಔಷಧಿ ಕೊನೆಗೆ, ನೀರು ಮೊದಲು.

ಅದಕ್ಕೆ ಕಾರಣವಿದೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಒಂದೇ ಮನೆಗೆ ಒಂದೇ ತಿಂಗಳಲ್ಲಿ ನಾಲ್ಕು ಬಗೆಯ ನೀರು ಬರುವುದುಂಟು: ಸಾವಿರ ಅಡಿ ದಾಟಿದ ಕೊಳವೆಬಾವಿಯ ಗಡಸು ನೀರು, ನಗರಸಭೆಯ ನಲ್ಲಿ ನೀರು, ಅದು ಕೈಕೊಟ್ಟಾಗ ಟ್ಯಾಂಕರ್ ನೀರು, ಫ್ಲೋರೈಡಿನ ಭಯಕ್ಕೆ ಕುಡಿಯಲು ತರುವ ಕ್ಯಾನ್ ನೀರು. ಇವೆಲ್ಲ ನಮ್ಮ ನಾಲಿಗೆಗೆ ಸ್ವಲ್ಪ ಸಪ್ಪೆ, ಸ್ವಲ್ಪ ಉಪ್ಪು ಅನ್ನಿಸಬಹುದು, ಅಷ್ಟೇ. ಆ ನೀರಿನಲ್ಲೇ ಉಸಿರಾಡಿ ಅದರಲ್ಲೇ ಮಲಮೂತ್ರ ಬಿಡುವ ಜೀವಕ್ಕೆ ಒಂದರಿಂದ ಇನ್ನೊಂದಕ್ಕೆ ಹಾರುವುದು ಪ್ರಾಣಾಂತಿಕ. ಸರಿಯಾಗಿ ನೋಡಿಕೊಂಡರೆ ಗೋಲ್ಡ್‌ಫಿಶ್ 10ರಿಂದ 15 ವರ್ಷ ಬದುಕುತ್ತದೆ. ಮೂರು ತಿಂಗಳಿಗೆ ಸತ್ತರೆ ‘ಅದರ ಆಯಸ್ಸೇ ಅಷ್ಟು’ ಎಂದು ಕೈಚೆಲ್ಲುವುದು ಸರಿಯಲ್ಲ. ಎಲ್ಲೋ ದೋಷವಿದೆ, ಅದನ್ನು ಹುಡುಕಬಹುದು.

ಮೊದಲ ಅರ್ಧ ಗಂಟೆ

ಊಟ ನಿಲ್ಲಿಸಿ. ಗೋಲ್ಡ್‌ಫಿಶ್ ಒಂದು ವಾರ ಉಪವಾಸ ಇದ್ದರೂ ತಡೆದುಕೊಳ್ಳುತ್ತದೆ. ಕಾಯಿಲೆಯ ಮೀನು ತಿನ್ನದೆ ಬಿಟ್ಟ ಆಹಾರ ಕೊಳೆತು ನೀರನ್ನು ಇನ್ನಷ್ಟು ಕೆಡಿಸುತ್ತದೆ. ತೊಟ್ಟಿಯ ದೀಪ ಆರಿಸಿ. ಮಕ್ಕಳು ಗಾಜು ತಟ್ಟದಂತೆ ನೋಡಿಕೊಳ್ಳಿ.

ಆಮೇಲೆ ಗಾಳಿ. ಏರ್ ಪಂಪ್ ನಡೆಯುತ್ತಿದೆಯೇ, ಕೊಳವೆ ಎಲ್ಲಾದರೂ ಮಡಚಿಕೊಂಡಿದೆಯೇ, ಗುಳ್ಳೆ ಬಿಡುವ ಕಲ್ಲು ಕಟ್ಟಿಕೊಂಡಿದೆಯೇ ನೋಡಿ. ಗಡಸು ನೀರಿನ ಊರುಗಳಲ್ಲಿ ಆ ಕಲ್ಲಿನ ರಂಧ್ರಗಳಲ್ಲಿ ಸುಣ್ಣ ಕೂತು ಕೆಲವೇ ತಿಂಗಳಲ್ಲಿ ಗುಳ್ಳೆ ಅರ್ಧಕ್ಕೆ ಇಳಿಯುತ್ತದೆ. ಪಂಪ್ ಸದ್ದು ಮಾಡುತ್ತಲೇ ಇರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಕರೆಂಟ್ ಇಲ್ಲದಿದ್ದರೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಎತ್ತರದಿಂದ ಮೀನಿಗೆ ತಾಗದ ಮೂಲೆಯಲ್ಲಿ ಸುರಿಯುತ್ತಿರಿ. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿರುವ ನಮ್ಮೂರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆಯೇ.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ನೀರು ಬದಲಿಸುವ ಮೊದಲು ಒಂದು ಶುದ್ಧ ಬಾಟಲಿಯಲ್ಲಿ ತೊಟ್ಟಿಯ ಹಳೆಯ ನೀರನ್ನು ತುಂಬಿ ಮುಚ್ಚಿಡಿ. ದೋಷದ ಸಾಕ್ಷಿ ಅದರಲ್ಲೇ ಇದೆ. ಗಾಬರಿಯಲ್ಲಿ ಎಲ್ಲವನ್ನೂ ಚೆಲ್ಲಿಬಿಟ್ಟರೆ ಮೀನಿಗೆ ಏನಾಗಿತ್ತೆಂದು ಹೇಳಲು ಯಾರಿಂದಲೂ ಆಗದು.

ಮನೆಯವರನ್ನು ವಿಚಾರಿಸುವುದು

ಈ ವಾರ ತೊಟ್ಟಿಗೆ ಯಾವ ನೀರು ಹಾಕಿದಿರಿ? ನೆಲದಡಿಯ ಸಂಪ್‌ಗೆ ಟ್ಯಾಂಕರ್ ನೀರು ಬಿಟ್ಟಿದ್ದೀರಾ? ಓವರ್‌ಹೆಡ್ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪುಡಿ ಹಾಕಿದ್ದೀರಾ? ಫಿಲ್ಟರಿನ ಸ್ಪಾಂಜನ್ನು ಯಾರು, ಯಾವ ನೀರಿನಲ್ಲಿ ತೊಳೆದರು? ಹೊಸ ಮೀನು, ಹೊಸ ಗಿಡ ಬಂದಿದೆಯೇ? ಮನೆಗೆ ಬಣ್ಣ ಹೊಡೆಸಿದಿರಾ? ಹೀಗೆ ಕೇಳುತ್ತಾ ಹೋದರೆ ಅರ್ಧ ರೋಗನಿರ್ಣಯ ಆಗಿಬಿಡುತ್ತದೆ. ಮನೆಯ ಹಿರಿಯರನ್ನು, ಕೆಲಸದವರನ್ನು, ಮಕ್ಕಳನ್ನು ಬೇರೆಬೇರೆಯಾಗಿ ಕೇಳಿ. ಬೈಯದೆ ಕೇಳಿದರೆ ಮಾತ್ರ ನಿಜ ಹೊರಬರುತ್ತದೆ.

ವಿಷದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೊಳ್ಳೆ ಕಾಯಿಲ್, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಳೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿ ಹೆಚ್ಚಿನವು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು. ಮನುಷ್ಯರಿಗೆ ಅಷ್ಟಾಗಿ ತಟ್ಟದ ಇವು ಮೀನಿಗೆ ಅತ್ಯಂತ ವಿಷಕಾರಿ. ಏರ್ ಪಂಪ್ ಎಳೆದುಕೊಳ್ಳುವುದು ಅದೇ ಕೋಣೆಯ ಗಾಳಿಯನ್ನು. ರಾತ್ರಿಯಿಡೀ ಮುಚ್ಚಿದ ಕೋಣೆಯಲ್ಲಿ ಕಾಯಿಲ್ ಉರಿದರೆ ಅದು ನೇರ ನೀರಿಗೆ ಇಳಿಯುತ್ತದೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದು ಬಂದ ಕೈಯನ್ನು ತೊಟ್ಟಿಗೆ ಅದ್ದುವುದೂ ಹಾಗೆಯೇ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಔಷಧಿ ಮುಟ್ಟಿದವರನ್ನು ಹುಳುವಿನ ಮನೆಯೊಳಕ್ಕೆ ಬಿಡುವುದಿಲ್ಲವಲ್ಲ, ಮೀನಿನ ತೊಟ್ಟಿಗೂ ಅದೇ ನಿಷ್ಠುರ ಬೇಕು. ವಿಷ ತಟ್ಟಿದ ಮೀನು ಹುಚ್ಚೆದ್ದು ಗಾಜಿಗೆ ಬಡಿದುಕೊಳ್ಳುತ್ತದೆ, ಸುರುಳಿ ಸುತ್ತುತ್ತದೆ, ಸೆಟೆದುಕೊಳ್ಳುತ್ತದೆ. ತೊಟ್ಟಿಯ ಎಲ್ಲ ಮೀನುಗಳೂ ಒಟ್ಟಿಗೆ ಹೀಗಾದರೆ ರೋಗವೆಂದು ಯೋಚಿಸುತ್ತಾ ಕೂರಬೇಡಿ. ತಕ್ಷಣ ಬೇರೆ ಟಬ್ಬಿನ ಒಳ್ಳೆಯ ನೀರಿಗೆ ವರ್ಗಾಯಿಸಿ.

ನೀರಿನ ಪರೀಕ್ಷೆ

ಅಮೋನಿಯಾ, ನೈಟ್ರೈಟ್, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ) ಈ ಮೂರನ್ನು ನೋಡಲೇಬೇಕು. ಹನಿ ಹಾಕಿ ಬಣ್ಣ ಹೋಲಿಸುವ ಕಿಟ್‌ಗಳು ಅಕ್ವೇರಿಯಂ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಒಂದು ಹೊಸ ಮೀನಿನ ಜೋಡಿಗೆ ಕೊಡುವ ದುಡ್ಡನ್ನು ಈ ಕಿಟ್ಟಿಗೆ ಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕುಡಿಯುವ ನೀರಿನ ಯಂತ್ರ ರಿಪೇರಿಗೆ ಬರುವವರ ಬಳಿ ಇರುವ, ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಇಲ್ಲಿ ಸಾಲದು. ನೀರು ಬದಲಾಗಿದೆ ಎಂದು ಅದು ತೋರಿಸುತ್ತದೆ, ಅಮೋನಿಯಾ ಇದೆಯೇ ಎಂದು ತೋರಿಸುವುದಿಲ್ಲ. ಟಿಡಿಎಸ್ ಕಡಿಮೆ ಎಂದಮಾತ್ರಕ್ಕೆ ಅದು ಮೀನಿಗೆ ಒಳ್ಳೆಯ ನೀರು ಎಂದೂ ಅಲ್ಲ.

ಮೀನು ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ಫಿಲ್ಟರಿನ ಸ್ಪಾಂಜು, ಕಲ್ಲು, ಗಾಜಿನ ಮೇಲೆ ನೆಲೆಸಿದ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ಮಿತಿಯಲ್ಲಿದ್ದರೆ ಸಹ್ಯ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿ ತಂದ ದಿನವೇ ನಾಲ್ಕು ಮೀನು ಬಿಟ್ಟರೆ ಒಂದೆರಡು ವಾರ ಚೆನ್ನಾಗಿದ್ದು ಆಮೇಲೆ ಒಂದೊಂದಾಗಿ ಬೀಳುವುದು ಇದಕ್ಕೇ. ಸ್ಪಾಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಉಜ್ಜಿ ‘ಸ್ವಚ್ಛ’ ಮಾಡಿದರೆ ಹಳೆಯ ತೊಟ್ಟಿಯೂ ಹೊಸದರ ಸ್ಥಿತಿಗೆ ಮರಳುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ವಾಪಸ್ ಹಾಕಬೇಕು.

ಅಮೋನಿಯಾದ ವಿಷ ಪಿಎಚ್ ಮೇಲೆ ನಿಂತಿದೆ ಎಂಬುದನ್ನು ನಮ್ಮ ಕಡೆಯ ಪ್ರತಿಯೊಬ್ಬರೂ ನೆನಪಿಡಬೇಕು. ನೀರು 25 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಭಾಗವೂ ವಿಷರೂಪದಲ್ಲಿ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ಅದು ಸುಮಾರು 5 ಭಾಗ, 8.5ಕ್ಕೆ ಸುಮಾರು 15 ಭಾಗ. ಅಂದರೆ ಕಿಟ್ ತೋರಿಸುವ ಅಂಕಿ ಒಂದೇ ಇದ್ದರೂ ಒಂದು ತೊಟ್ಟಿಯಲ್ಲಿ ಮೀನು ಆಡುತ್ತಿರುತ್ತದೆ, ಇನ್ನೊಂದರಲ್ಲಿ ಸಾಯುತ್ತಿರುತ್ತದೆ.

ಕೋಲಾರದ ಗಲ್‌ಪೇಟೆಯ ಒಂದು ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಎರಡಡಿ ತೊಟ್ಟಿ, ನಾಲ್ಕು ಮೀನು, ಅವುಗಳಲ್ಲಿ ತಲೆಯ ಮೇಲೆ ಕೆಂಪು ಗೊಂಡೆಯಿದ್ದ ಒರಾಂಡಾ ತಳಿಯ ದೊಡ್ಡ ಗೋಲ್ಡ್‌ಫಿಶ್ ಒಂದು. ಮೀನಿಗೆ ಒಳ್ಳೆಯದೆಂದು ಆ ಮನೆಯ ಅಮ್ಮ ತಿಂಗಳುಗಟ್ಟಲೆ ಕ್ಯಾನ್ ನೀರನ್ನೇ ಹಾಕುತ್ತಿದ್ದರು. ಆ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ, ಹಾಗಾಗಿ ಪಿಎಚ್ ಹಿಡಿದಿಡುವ ಶಕ್ತಿಯೂ ಇರುವುದಿಲ್ಲ. ನಿಧಾನವಾಗಿ ತೊಟ್ಟಿ ಹುಳಿಯಾಗುತ್ತಾ ಹೋಗಿದೆ, ಬ್ಯಾಕ್ಟೀರಿಯಾಗಳು ಸೊರಗಿವೆ, ಅಮೋನಿಯಾ ಸೇರಿಕೊಂಡಿದೆ. ಆದರೆ ಪಿಎಚ್ ಕೆಳಗಿದ್ದುದರಿಂದ ಅದು ನಿರುಪದ್ರವಿ ರೂಪದಲ್ಲೇ ಇತ್ತು. ಹಬ್ಬಕ್ಕೆ ನೆಂಟರು ಬರುತ್ತಾರೆಂದು ಅರ್ಧ ನೀರು ತೆಗೆದು ಬೋರ್ ನೀರು ತುಂಬಿದ್ದಾರೆ. ಪಿಎಚ್ ಒಮ್ಮೆಲೇ 8 ದಾಟಿದೆ, ಮಲಗಿದ್ದ ಅಮೋನಿಯಾ ವಿಷವಾಗಿ ಎದ್ದಿದೆ. ನಾನು ಹೋದಾಗ ಒರಾಂಡಾ ಮೂಲೆಯಲ್ಲಿ ಒರಗಿಕೊಂಡಿತ್ತು, ಬಾಲದ ಅಂಚಿನಲ್ಲಿ ಕೆಂಪು ಗೆರೆಗಳು. ಮನೆಯ ಹುಡುಗ ಗಾಜಿಗೆ ಮೂಗು ಹಚ್ಚಿ ಕೂತವನು, “ಸತ್ತಿಲ್ಲ ಅಂಕಲ್, ಕಿವಿರು ಆಡುತ್ತಿದೆ ನೋಡಿ” ಎಂದ. “ಸ್ವಚ್ಛ ಮಾಡಿದ್ದೇ ತಪ್ಪಾಯಿತೇನಪ್ಪಾ?” ಎಂದು ಅವನ ತಾಯಿ ಕೇಳಿದರು. ಸ್ವಚ್ಛ ಮಾಡಿದ್ದು ತಪ್ಪಲ್ಲ ಅಮ್ಮ, ಒಂದೇ ಏಟಿಗೆ ಬೇರೆ ನೀರು ತುಂಬಿದ್ದರಿಂದ ಹೀಗಾಯಿತು ಎಂದೆ.

ಅಲ್ಲಿ ಮಾಡಿದ್ದು ಇಷ್ಟೇ. ಹಿಂದಿನ ದಿನದಿಂದ ಬಕೆಟ್‌ಗಳಲ್ಲಿ ತೆರೆದಿಟ್ಟಿದ್ದ ಬೋರ್ ನೀರಿನ ಪಿಎಚ್ ನೋಡಿದೆವು, ತೊಟ್ಟಿಯ ಆಗಿನ ಪಿಎಚ್‌ಗೆ ಸರಿಹೊಂದಿತು. ಟಬ್ಬಿಗೆ ಅದನ್ನು ತುಂಬಿ, ಲೀಟರಿಗೆ 1 ಗ್ರಾಂನಂತೆ ಕಲ್ಲುಪ್ಪು ಕರಗಿಸಿ, ಗಾಳಿ ಕೊಟ್ಟು ಮೀನುಗಳನ್ನು ಬಿಟ್ಟೆವು. ಚಿಕ್ಕದೊಂದು ಆ ರಾತ್ರಿ ಹೋಯಿತು. ಉಳಿದವು ಬದುಕಿದವು. ಕೆಲವು ದಿನಗಳ ಮೇಲೆ ಒರಾಂಡಾದ ರೆಕ್ಕೆಯಂಚು ಕಪ್ಪಾಯಿತು. ಆ ಮನೆಯವರು ಹೊಸ ರೋಗವೆಂದು ಹೆದರಿದರು. ಅದು ಅಮೋನಿಯಾ ಸುಟ್ಟ ಜಾಗ ಮಾಯುತ್ತಿರುವ ಗುರುತು, ಒಳ್ಳೆಯ ಲಕ್ಷಣ.

ಹಾಗಾಗಿ ಬಹುಕಾಲ ನೀರು ಬದಲಿಸದ ತೊಟ್ಟಿಯನ್ನೂ ಕ್ಯಾನ್ ನೀರಿನ ತೊಟ್ಟಿಯನ್ನೂ ಒಮ್ಮೆಲೇ ಬೋರ್ ನೀರಿಗೆ ತಿರುಗಿಸಬೇಡಿ. ಪಿಎಚ್ ಎರಡೂ ಕಡೆ ಹತ್ತಿರವಿದ್ದು ಅಮೋನಿಯಾ ಹೆಚ್ಚಿದ್ದರೆ ಅರ್ಧ ನೀರು ಬದಲಿಸುವುದೇ ಮೊದಲ ಚಿಕಿತ್ಸೆ, ಧೈರ್ಯವಾಗಿ ಮಾಡಿ. ತೊಟ್ಟಿಯ ಪಿಎಚ್ ತೀರಾ ಕೆಳಗಿದ್ದರೆ ದಿನಕ್ಕೆ ಹತ್ತರಲ್ಲಿ ಒಂದು ಭಾಗದಂತೆ, ಸಾಧ್ಯವಾದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಗ್ಲೂಕೋಸ್ ಹಾಕುವ ಡ್ರಿಪ್ ಪೈಪಿನಿಂದ ಹನಿಹನಿಯಾಗಿ ಹೊಸ ನೀರು ಇಳಿಸಿ. ಕ್ಯಾನ್ ನೀರೇ ಬೇಕೆಂದರೆ ಬೋರ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಆ ಅಳತೆಯನ್ನು ಮುಂದೆಂದೂ ಬದಲಿಸಬೇಡಿ. ಗೋಲ್ಡ್‌ಫಿಶ್‌ಗೆ ಗಡಸು ನೀರು ಶತ್ರುವಲ್ಲ.

ಬೋರಿನಿಂದ ಆಗಷ್ಟೇ ಎತ್ತಿದ ನೀರನ್ನು ಪೈಪಿನಿಂದ ನೇರ ತೊಟ್ಟಿಗೆ ಬಿಡಲೇಬಾರದು. ಆಳದ ಒತ್ತಡದಿಂದ ಬಂದ ನೀರಿನಲ್ಲಿ ಅನಿಲಗಳು ಅತಿಯಾಗಿ ಕರಗಿರಬಹುದು, ಆಮ್ಲಜನಕವೋ ಕಡಿಮೆ. ಮೀನಿನ ರೆಕ್ಕೆಯೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಕಂಡರೆ ಇದೇ ಕಾರಣ. ಒಂದು ರಾತ್ರಿ ಬಕೆಟ್ಟಿನಲ್ಲಿ ಗಾಳಿಯಾಡಿಸಿಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಪಿಎಚ್ ತನ್ನ ನಿಜವಾದ ಮಟ್ಟಕ್ಕೆ ಬರುತ್ತದೆ, ಪರೀಕ್ಷೆ ಮಾಡಬೇಕಾದದ್ದು ಆಮೇಲೆ. ನಗರಸಭೆ ನೀರಿನ ಕ್ಲೋರಿನ್‌ಗೂ ಒಂದು ದಿನ ತೆರೆದಿಟ್ಟು ಗಾಳಿಯಾಡಿಸುವುದು ಸಾಕು. ಅವಸರವಿದ್ದರೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಸೀಸೆಯ ಮೇಲಿನ ಅಳತೆಯಂತೆ ಬಳಸಿ.

ನೈಟ್ರೈಟ್ ಹೆಚ್ಚಿದ್ದರೆ ಮೀನಿನ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಏದುಸಿರು ಬಿಡುತ್ತದೆ, ಕೆಂಪಗಿರಬೇಕಾದ ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಉಪ್ಪು ನಿಜಕ್ಕೂ ಮದ್ದು. ಉಪ್ಪಿನ ಕ್ಲೋರೈಡ್ ಅಂಶ ನೈಟ್ರೈಟ್ ಕಿವಿರಿನ ಮೂಲಕ ಒಳಹೋಗದಂತೆ ತಡೆಯುತ್ತದೆ. ಲೀಟರಿಗೆ 1 ಗ್ರಾಂ ಸಾಕು, ಜೊತೆಗೆ ನೀರು ಬದಲಾವಣೆ.

ಮೀನಿನ ಮೈ ನೋಡುವ ಬಗೆ

ನೀರು ಸರಿಯಿದೆ ಎಂದು ಖಚಿತವಾದ ಮೇಲೆ, ಅಥವಾ ನೀರು ಸರಿಮಾಡಿ ಒಂದೆರಡು ದಿನ ಕಳೆದರೂ ಮೀನು ಚೇತರಿಸದಿದ್ದಾಗ, ಮೈ ಪರೀಕ್ಷೆ. ಸೋಪು ಸೋಕದ ಬಿಳಿ ಟಬ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ತೊಟ್ಟಿಯ ನೀರನ್ನೇ ಒಂದು ಗೇಣು ತುಂಬಿ, ಬಲೆಯಿಂದ ಎತ್ತುವ ಬದಲು ನೀರಿನ ಸಮೇತ ಬೋಗುಣಿಯಲ್ಲಿ ಮೀನನ್ನು ಸಾಗಿಸಿ. ಮೊಬೈಲ್ ಟಾರ್ಚನ್ನು ಕಣ್ಣಿಗೆ ಹೊಡೆಯದಂತೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಓರೆ ಬೆಳಕಿನಲ್ಲಿ ಲೋಳೆಯ ಪದರ, ಸಣ್ಣ ಚುಕ್ಕೆ, ಎದ್ದ ಹುರುಪೆ ಎಲ್ಲ ಕಾಣುತ್ತವೆ. ಮೇಲಿನಿಂದಲೂ ನೋಡಿ. ಹುರುಪೆ ನಿಗುರಿದೆಯೇ ಎಂಬುದು ಪಕ್ಕದಿಂದ ತಿಳಿಯದಿದ್ದರೂ ಮೇಲಿನಿಂದ ತಟ್ಟನೆ ತಿಳಿಯುತ್ತದೆ. ಒಂದು ಕಿವಿರು ಮಾತ್ರ ಆಡುತ್ತಿದ್ದು ಇನ್ನೊಂದು ಮುಚ್ಚಿಕೊಂಡಿದ್ದರೆ ಕಿವಿರಿನಲ್ಲಿ ಪರಾವಲಂಬಿಯ ಶಂಕೆ ಬಲವಾಗುತ್ತದೆ.

ಬಾಯಿ ತೆರೆದಂತೆಯೇ ಇದ್ದು ಮುಚ್ಚಲಾಗದೆ ಒದ್ದಾಡುತ್ತಿದ್ದರೆ ಒಳಗೆ ಕಲ್ಲು ಸಿಕ್ಕಿಕೊಂಡಿದೆಯೇ ನೋಡಿ. ಗೋಲ್ಡ್‌ಫಿಶ್ ತಳದ ಕಲ್ಲನ್ನು ಬಾಯಿಗೆ ಹಾಕಿ ಉಗುಳುವ ಸ್ವಭಾವದ್ದು, ಬಟಾಣಿ ಗಾತ್ರದ ಕಲ್ಲು ಗಂಟಲಲ್ಲಿ ಕೂರುವುದುಂಟು. ಇಂಥ ಮೀನಿಗೆ ಎಷ್ಟು ಔಷಧಿ ಹಾಕಿದರೂ ಏನು ಪ್ರಯೋಜನ?

ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಮೈಮೇಲೆಲ್ಲ ಹರಡಿದ್ದು, ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದರೆ ಅದು ಇಕ್ ಎಂಬ ಏಕಕೋಶ ಪರಾವಲಂಬಿ. ಆದರೆ ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೂ ಮುಂದಿನ ರೆಕ್ಕೆಯ ಮೊದಲ ಎಲುಬಿನ ಮೇಲೂ ಸಾಲಾಗಿ ಮಾತ್ರ ಇದ್ದು, ಮೀನು ಚುರುಕಾಗಿದ್ದರೆ ಅದು ಬೆದೆಗೆ ಬಂದ ಗಂಡು. ರೋಗವೇ ಅಲ್ಲ. ಇಕ್ ಜೀವಿ ಚರ್ಮದೊಳಗೆ ಇರುವಷ್ಟು ಕಾಲ ಔಷಧಿ ಅದಕ್ಕೆ ತಟ್ಟುವುದಿಲ್ಲ, ಕಳಚಿ ಬಿದ್ದು ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಹಾಗಾಗಿ ಚುಕ್ಕೆ ಮಾಯವಾದ ಕೂಡಲೇ ಚಿಕಿತ್ಸೆ ನಿಲ್ಲಿಸುವವರ ಮನೆಯಲ್ಲಿ ಅದು ಮತ್ತೆ ಬರುತ್ತದೆ. ಒಟ್ಟು 10ರಿಂದ 14 ದಿನ ಬಿಡದೆ ಮಾಡಬೇಕು.

ಮೈಗೆ ದಾರದ ತುಂಡು ಚುಚ್ಚಿದಂತೆ ಕಂಡರೆ ಲಂಗರು ಹುಳು, ಅಗಲವಾದ ಪಾರದರ್ಶಕ ಹೇನು ಓಡಾಡಿದಂತೆ ಕಂಡರೆ ಮೀನು ಹೇನು. ಕೆರೆಯಿಂದ ತಂದ ಪಾಚಿ, ಗಿಡ, ಮೀನುಗಳ ಜೊತೆ ಬರುತ್ತವೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು ಚಿಮುಟದಿಂದ ಬುಡದಿಂದಲೇ ಕೀಳಬೇಕು, ಆದರೆ ಮೊಟ್ಟೆಗಳು ತೊಟ್ಟಿಯಲ್ಲಿ ಉಳಿದಿರುತ್ತವೆ. ಅವಕ್ಕೆ ಪಶುವೈದ್ಯರು ಹೇಳುವ ಔಷಧಿಯೇ ಬೇಕು, ಉಪ್ಪಿಗೆ ಅವು ಜಗ್ಗುವುದಿಲ್ಲ.

ಹತ್ತಿಯಂಥ ಬಿಳಿ ಬೂಷ್ಟು ಗಾಯದ ಮೇಲೆ ಬೆಳೆದಿದ್ದರೆ ಸಾಮಾನ್ಯವಾಗಿ ಶಿಲೀಂಧ್ರ. ಬಾಯಿಯ ಸುತ್ತ, ಬೆನ್ನಿನ ಮೇಲೆ ಬೂದು ಬಿಳಿಯ ತೇಪೆಯಾಗಿ ವೇಗವಾಗಿ ಹರಡಿದರೆ ಅದು ಕಾಲಮ್ನ್ಯಾರಿಸ್ ಎಂಬ ಬ್ಯಾಕ್ಟೀರಿಯಾ ಆಗಿರುವ ಸಾಧ್ಯತೆ ಹೆಚ್ಚು. ಎರಡೂ ಒಂದೇ ಥರ ಕಾಣುತ್ತವೆ, ಚಿಕಿತ್ಸೆ ಬೇರೆ.

ತೇಲುವ ಮೀನು

ದುಂಡು ಮೈಯ ತಳಿಗಳಾದ ಒರಾಂಡಾ, ರ್‍ಯೂಕಿನ್, ರಾಂಚುಗಳಲ್ಲಿ ಇದು ಬಹಳ. ಮೋಟು ಮೈಯೊಳಗೆ ಕರುಳೂ ಮೀನನ್ನು ತೇಲಿಸಿಡುವ ಗಾಳಿಚೀಲವೂ ಒತ್ತರಿಸಿಕೊಂಡಿರುತ್ತವೆ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ನುಂಗಿದ್ದು ನೇರ ಕರುಳಿಗೆ ಹೋಗುತ್ತದೆ. ಮನೆಗೆ ಬಂದವರು ಪ್ರೀತಿಯಿಂದ ಹಾಕುವ ಕಡ್ಲೆಪುರಿ, ಬ್ರೆಡ್ಡು, ಅನ್ನದ ಅಗುಳು ಅಲ್ಲಿ ಉಬ್ಬುತ್ತವೆ. ಕಲ್ಯಾಣಿಯ ಮೀನಿಗೆ ಪುರಿ ಹಾಕುವ ಅಭ್ಯಾಸ ಮನೆಯ ತೊಟ್ಟಿಗೂ ಬಂದುಬಿಡುತ್ತದೆ. ತೇಲುವ ಆಹಾರವನ್ನು ಮೇಲೆ ಬಂದು ಕಚ್ಚುವಾಗ ಗಾಳಿಯೂ ಒಳಹೋಗುತ್ತದೆ.

ಎರಡು ಮೂರು ದಿನ ಪೂರ್ತಿ ಉಪವಾಸ. ನಾಲ್ಕನೆಯ ದಿನ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯ ಒಂದು ಚೂರು, ಉಪ್ಪು ಒಗ್ಗರಣೆ ಯಾವುದೂ ಇಲ್ಲದೆ. ನೀರಿನ ಮಟ್ಟ ಇಳಿಸಿ, ಈಜುವ ಶ್ರಮ ಕಡಿಮೆಯಾಗುತ್ತದೆ. ಹೊಟ್ಟೆಯ ಒಂದು ಭಾಗ ನೀರಿನ ಮೇಲೆಯೇ ಉಳಿಯುತ್ತಿದ್ದರೆ ಆ ಚರ್ಮ ಒಣಗಿ ಹುಣ್ಣಾಗುತ್ತದೆ, ಅದರ ಮೇಲೆ ಕಣ್ಣಿಡಿ. ಮುಂದೆ ಮುಳುಗುವ ಆಹಾರವನ್ನೇ ಕೊಡಿ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮಾತ್ರ. ಒಂದು ವಾರದಲ್ಲಿ ಸುಧಾರಿಸದಿದ್ದರೆ ಗಾಳಿಚೀಲದಲ್ಲೇ ಸೋಂಕು ಅಥವಾ ಅಂಗವಿಕಾರ ಇರಬಹುದು. ಓರೆಯಾಗಿ ಈಜುತ್ತಲೇ ಚೆನ್ನಾಗಿ ತಿಂದುಂಡು ವರ್ಷಗಟ್ಟಲೆ ಬದುಕುವ ಮೀನುಗಳೂ ಇವೆ. ಸೊಟ್ಟಗೆ ಈಜುತ್ತದೆ ಎಂಬ ಒಂದೇ ಕಾರಣಕ್ಕೆ ಯಾವ ಮೀನನ್ನೂ ಕೈಬಿಡಬಾರದು.

ಉಪ್ಪು, ಔಷಧಿ, ಅಳತೆ

ತೊಟ್ಟಿಯ ನೀರು ಎಷ್ಟು ಲೀಟರ್ ಎಂದು ತಿಳಿಯದೆ ಯಾವುದನ್ನೂ ಹಾಕಬೇಡಿ. ಉದ್ದ, ಅಗಲ, ನೀರಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಲೆಕ್ಕಕ್ಕೆ 56 ಲೀಟರ್, ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದರೆ 45 ಲೀಟರಿನ ಆಸುಪಾಸು. ಅಂಥದ್ದನ್ನು ನೂರು ಲೀಟರ್ ಎಂದು ಅಂದಾಜು ಮಾಡಿ ಔಷಧಿ ಸುರಿಯುವವರಿದ್ದಾರೆ.

ಕಲ್ಲುಪ್ಪನ್ನು ದಿನಸಿ ಅಂಗಡಿಯಲ್ಲಿ 50 ಗ್ರಾಂನ ಪೊಟ್ಟಣಗಳಾಗಿ ತೂಗಿಸಿಕೊಂಡರೆ ಚಮಚೆಯ ಗೊಂದಲ ತಪ್ಪುತ್ತದೆ. ಇಕ್‌ನಂಥ ಪರಾವಲಂಬಿಗಳಿಗೆ (ಲಂಗರು ಹುಳು, ಮೀನು ಹೇನುಗಳಿಗಲ್ಲ) ಲೀಟರಿಗೆ 3 ಗ್ರಾಂ ಬೇಕು. ಒಮ್ಮೆಗೇ ಹಾಕದೆ ದಿನವೊಂದರಲ್ಲಿ ಮೂರು ಕಂತಾಗಿ, ಬೇರೆ ಪಾತ್ರೆಯಲ್ಲಿ ಕರಗಿಸಿ ಸೇರಿಸಿ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ, ತೆಗೆದ ನೀರಿನ ಲೆಕ್ಕಕ್ಕಷ್ಟೇ ಮತ್ತೆ ಹಾಕಬೇಕು. ತೊಟ್ಟಿಯಲ್ಲಿ ಗಿಡಗಳಿದ್ದರೆ ಈ ಪ್ರಮಾಣಕ್ಕೆ ಸಾಯುತ್ತವೆ, ಟಬ್ಬಿನಲ್ಲೇ ಚಿಕಿತ್ಸೆ ಮಾಡಿ.

ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಶಿಲೀಂಧ್ರಕ್ಕೆ, ನೈಟ್ರೈಟ್ ವಿಷಕ್ಕೆ ಒಳ್ಳೆಯದೇ. ಆದರೆ ಮುಖ್ಯ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರಿ ಒಂದು ಕಾಯಿಲೆಯ ಜಾಗದಲ್ಲಿ ಎರಡಾಗುತ್ತದೆ. ಟಬ್ಬಿನಲ್ಲಿ ಮಾತ್ರ ಬಳಸಿ, ಟಬ್ಬಿನ ಅರ್ಧ ನೀರನ್ನು ದಿನವೂ ಬದಲಿಸಿ. ಮ್ಯಾಲಕೈಟ್ ಗ್ರೀನ್ ಇರುವ ಔಷಧಿಯಾದರೆ ಕೈಗವಸು ಹಾಕದೆ ಮುಟ್ಟಬೇಡಿ.

ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕುವ ರೂಢಿಯನ್ನು ಬಿಡಲೇಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಔಷಧಿಯನ್ನು ಕಟ್ಟಿಹಾಕಿ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ನಮ್ಮ ಬೋರ್ ನೀರಿನಲ್ಲಿ ಅದು ಮೀನಿಗೆ ತಲುಪುವುದೇ ಅಪರೂಪ, ಅಷ್ಟರಲ್ಲಿ ಫಿಲ್ಟರ್ ಹಾಳಾಗುತ್ತದೆ, ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ನಿಜವಾಗಿ ಬ್ಯಾಕ್ಟೀರಿಯಾ ಸೋಂಕಿದ್ದರೆ ಯಾವ ಆ್ಯಂಟಿಬಯಾಟಿಕ್, ಆಹಾರದಲ್ಲೋ ಚುಚ್ಚುಮದ್ದಾಗಿಯೋ ಎಂಬುದನ್ನು ಪಶುವೈದ್ಯರು ನಿರ್ಧರಿಸಬೇಕು.

ತಾಲ್ಲೂಕು ಮಟ್ಟದ ಪಶು ಆಸ್ಪತ್ರೆಗಳಲ್ಲಿ ದನ, ಕುರಿ, ನಾಯಿಗಳೇ ಹೆಚ್ಚು. ಆದರೂ ಕೇಳುವುದರಲ್ಲಿ ಸಂಕೋಚ ಬೇಡ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೆರೆ ಮೀನಿನ ರೋಗ ಕಂಡವರು ಇರುತ್ತಾರೆ, ಗೋಲ್ಡ್‌ಫಿಶ್ ಕೂಡ ಗೆಂಡೆ ಮೀನಿನ ಕುಟುಂಬದ್ದೇ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಮುಚ್ಚಿಟ್ಟ ಹಳೆಯ ನೀರಿನ ಬಾಟಲಿ, ಮೀನು ಉಸಿರಾಡುವ ಒಂದು ನಿಮಿಷದ ವಿಡಿಯೊ, ಹಾಕಿದ ಔಷಧಿಗಳ ಹೆಸರು ಮತ್ತು ಪ್ರಮಾಣ ಬರೆದ ಚೀಟಿ ಜೊತೆಗಿರಲಿ.

ಹುರುಪೆ ನಿಗುರಿದಾಗ

ಹೊಟ್ಟೆ ಊದಿ, ಹುರುಪೆಗಳೆಲ್ಲ ಹೊರಕ್ಕೆ ನಿಗುರಿ, ಕಣ್ಣು ಮುಂದಕ್ಕೆ ಬಂದಿದ್ದರೆ ಮೀನಿನ ಮೂತ್ರಪಿಂಡ ಸೋತು ದೇಹದಲ್ಲಿ ನೀರು ತುಂಬಿದೆ ಎಂದರ್ಥ. ಹೊಟ್ಟೆ ದಪ್ಪವಿದ್ದು ಹುರುಪೆ ಮೈಗೆ ಅಂಟಿಕೊಂಡೇ ಇದ್ದರೆ ಮೊಟ್ಟೆ ತುಂಬಿದ ಹೆಣ್ಣೋ ಮಲಬದ್ಧತೆಯೋ ಆಗಿರಬಹುದು, ಎರಡನ್ನೂ ಒಂದೇ ಎಂದು ತಿಳಿಯಬೇಡಿ. ನಿಗುರಿದ ಮೀನುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಈ ಮಾತನ್ನು ಮನೆಯವರಿಗೆ, ಮಕ್ಕಳಿಗೂ, ಮೊದಲೇ ಹೇಳುವುದು ಒಳ್ಳೆಯದು. ಆದರೂ ಪ್ರಯತ್ನಕ್ಕೆ ಅರ್ಥವಿದೆ: ಶುದ್ಧ ನೀರಿನ ಟಬ್, 24 ಡಿಗ್ರಿ ಆಸುಪಾಸಿನ ಏರಿಳಿತವಿಲ್ಲದ ಉಷ್ಣತೆ, 20 ಲೀಟರಿಗೆ ಕಾಲು ಟೀ ಚಮಚೆ ಎಪ್ಸಮ್ ಉಪ್ಪು. ಇದು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮೆಗ್ನೀಸಿಯಂ ಸಲ್ಫೇಟ್, ಕಲ್ಲುಪ್ಪು ಇದಕ್ಕೆ ಬದಲಿಯಲ್ಲ. ಊತ ಸ್ವಲ್ಪ ಇಳಿಸುತ್ತದೆ, ಸೋಂಕನ್ನು ಗುಣಪಡಿಸುವುದಿಲ್ಲ.

ತಿನ್ನುವುದನ್ನು ಬಿಟ್ಟು, ಪಕ್ಕಕ್ಕೆ ಬಿದ್ದು, ಮುಟ್ಟಿದರೂ ಸರಿಯದೆ ದಿನಗಟ್ಟಲೆ ಏದುಸಿರು ಬಿಡುತ್ತಿರುವ ಮೀನನ್ನು ಹಾಗೆಯೇ ನರಳಲು ಬಿಡುವುದು ದಯೆಯಲ್ಲ. ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ ಮೀನಿಗೆ ಅರಿವಳಿಕೆ. ಸಣ್ಣ ಸೀಸೆಯಲ್ಲಿ ಉಗುರುಬೆಚ್ಚಗಿನ ನೀರಿನೊಂದಿಗೆ ಹಾಲಿನಂತೆ ಆಗುವವರೆಗೆ ಅಲುಗಿಸಿ. ಮೊದಲು ಕೆಲವೇ ಹನಿಯಷ್ಟು ಹಾಕಿದರೆ ಮೀನು ನಿದ್ದೆಗೆ ಜಾರುತ್ತದೆ. ಆಮೇಲೆ ಉಳಿದದ್ದನ್ನು ಸೇರಿಸಿ ಲೀಟರಿಗೆ ಅರ್ಧ ಮಿಲಿಲೀಟರಿಗೆ, ಅಂದರೆ ಸುಮಾರು 10 ಹನಿಗೆ ಮುಟ್ಟಿಸಿ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಅದೇ ನೀರಿನಲ್ಲಿ ಬಿಡಬೇಕು. ಶೌಚಕ್ಕೆ ಹಾಕಿ ನೀರೆಳೆಯುವುದು, ಫ್ರಿಜ್‌ನಲ್ಲಿಡುವುದು ಎರಡೂ ಕ್ರೂರ. ಆಮೇಲೆ ಗಿಡದ ಬುಡದಲ್ಲಿ ಆಳವಾಗಿ ಹೂಳಿ. ಕಾಯಿಲೆಯ ಮೀನನ್ನು ‘ಬದುಕಿಕೊಳ್ಳಲಿ’ ಎಂದು ಕೋಲಾರಮ್ಮನ ಕೆರೆಗೋ ಅಂತರಗಂಗೆಯ ಕಲ್ಯಾಣಿಗೋ ಬಿಡಬೇಡಿ. ಅದು ಅಲ್ಲಿ ಬದುಕುವುದಿಲ್ಲ, ಅದರ ರೋಗ ಅಲ್ಲಿನ ಮೀನುಗಳಿಗೆ ಹತ್ತುತ್ತದೆ.

ಚೇತರಿಸಿದ ಮೀನನ್ನು ತೊಟ್ಟಿಗೆ ಮರಳಿಸುವುದು

ಮೀನು ಟಬ್ಬಿನಲ್ಲಿ ರೆಕ್ಕೆ ಬಿಚ್ಚಿ ಈಜತೊಡಗಿ, ನೀವು ಹತ್ತಿರ ಹೋದಾಗ ಊಟಕ್ಕೆಂದು ಮುಂದೆ ಬಂದರೆ ಅರ್ಧ ಗೆದ್ದಂತೆ. ಅವಸರ ಬೇಡ. ತೊಟ್ಟಿಯ ಅಮೋನಿಯಾ, ನೈಟ್ರೈಟ್ ಎರಡೂ ಸತತ ಹಲವು ದಿನ ಸೊನ್ನೆ ತೋರಿಸಬೇಕು. ಟಬ್ಬಿನ ಉಪ್ಪನ್ನು ನೀರು ಬದಲಿಸುತ್ತಾ ಕ್ರಮೇಣ ಇಳಿಸಿ, ಆಮೇಲೆ ತೊಟ್ಟಿಯ ನೀರನ್ನು ಟಬ್ಬಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಅಭ್ಯಾಸ ಮಾಡಿಸಿ. ಆಹಾರ ಮೊದಲ ವಾರ ಮಾಮೂಲಿನ ಅರ್ಧದಷ್ಟು.

ತೊಟ್ಟಿಯ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿ ಪ್ರತಿ ಸಲ ನೀರು ಬದಲಿಸಿದಾಗ ತಾರೀಖು, ನೀರಿನ ಮೂಲ, ಎಷ್ಟು ಬಕೆಟ್, ಪಿಎಚ್ ಎಷ್ಟು ಎಂದು ಬರೆಯುತ್ತಾ ಬನ್ನಿ. ಬೇಸಿಗೆಯಲ್ಲಿ ಬೋರ್ ನಿಂತು ಟ್ಯಾಂಕರ್ ಬರುವ ವಾರದಲ್ಲಿ ತೊಟ್ಟಿಯ ನೀರನ್ನು ಬದಲಿಸುವ ಮೊದಲು ಹೊಸ ನೀರನ್ನು ಒಂದು ಬಕೆಟ್ಟಿನಲ್ಲಿಟ್ಟು ಪರೀಕ್ಷೆ ಮಾಡಿ. ಹೊಸ ಮೀನು ತಂದರೆ ಅದೇ ಬಿಳಿ ಟಬ್ಬಿನಲ್ಲಿ ನಾಲ್ಕು ವಾರ ಬೇರೆಯಾಗಿಟ್ಟು, ಮೈಮೇಲೆ ಚುಕ್ಕೆ, ದಾರ, ಹೇನು ಯಾವುದೂ ಇಲ್ಲವೆಂದು ನೋಡಿಕೊಂಡ ಮೇಲೆ ಹಳೆಯವುಗಳ ಜೊತೆ ಬಿಡಿ. ಟಬ್ಬಿಗೂ ತೊಟ್ಟಿಗೂ ಬಲೆ, ಬೋಗುಣಿ, ಪೈಪು ಬೇರೆ ಬೇರೆ ಇರಲಿ.